ಬೀಗ ನಿಮ್ಮದು, ಕೀಲಿಕೈ ಯಾರದು?

ಗೆಳೆಯರೇ, ಓದುವುದನ್ನು ಒಂದು ನಿಮಿಷ ನಿಲ್ಲಿಸಿ. ಜೇಬಿನಿಂದ ಮೊಬೈಲ್ ತೆಗೆಯಿರಿ. ಸುತ್ತಮುತ್ತ ಯಾವ ಯಾವ ವೈಫೈ ಕಾಣುತ್ತಿದೆ ನೋಡಿ. ನೀವಿರುವುದು ರಾಜಾಜಿನಗರದ ವಠಾರವೋ, ಎಲೆಕ್ಟ್ರಾನಿಕ್ ಸಿಟಿಯ ಹದಿನಾಲ್ಕನೇ ಮಹಡಿಯೋ, ಹುಬ್ಬಳ್ಳಿಯ ವಿದ್ಯಾನಗರವೋ, ಎಲ್ಲಿದ್ದರೂ ಪಟ್ಟಿ ಉದ್ದವೇ ಇರುತ್ತದೆ. ಅದರಲ್ಲಿ ಎಷ್ಟೋ ಹೆಸರುಗಳು ಮನೆಯವರು ಇಟ್ಟವಲ್ಲ. ಕಂಪನಿಯ ಹೆಸರು, ಅದರ ಬಾಲಕ್ಕೆ ನಾಲ್ಕು ಅಂಕಿ. ಹೊರಗಿನ ಹೆಸರನ್ನೇ ಬದಲಾಯಿಸದ ಮಹಾಶಯ ಒಳಗಿನ ಪಾಸ್‌ವರ್ಡ್ ಬದಲಾಯಿಸಿರುತ್ತಾನೆ ಎಂದು ನಂಬುವುದು ಹೇಗೆ?

ಊರ ಮಾತು ಬಿಡಿ. ಆ ಪಟ್ಟಿಯಲ್ಲಿ ನಿಮ್ಮ ಮನೆಯದೂ ಒಂದಿದೆಯಲ್ಲ, ಅದರ ಬಗ್ಗೆ ಕೇಳುತ್ತೇನೆ. ಕೇಬಲ್ ಎಳೆಯಲು ಬಂದ ಹುಡುಗ ಗೋಡೆಗೆ ಪೆಟ್ಟಿಗೆ ಬಡಿದು, "ಸಾರ್, ಪಾಸ್‌ವರ್ಡ್ ನಿಮ್ಮ ಮೊಬೈಲ್ ನಂಬರೇ ಹಾಕಿದೀನಿ, ಮರೆಯಲ್ಲ ನೋಡಿ" ಎಂದು ಹೇಳಿ ಹೋದನಲ್ಲ, ಅಂದಿನಿಂದ ಇಂದಿನವರೆಗೆ ಆ ಪೆಟ್ಟಿಗೆಯ ತಂಟೆಗೆ ಒಂದು ಸಲವಾದರೂ ಹೋಗಿದ್ದೀರಾ? ಧೂಳು ಒರೆಸಿದ್ದು ಲೆಕ್ಕಕ್ಕಿಲ್ಲ.

ಜಗತ್ತಿಗೆಲ್ಲ ತಂತ್ರಾಂಶ ಬರೆದುಕೊಡುವ ಊರು ನಮ್ಮದು ಎಂದು ಎದೆ ಉಬ್ಬಿಸುತ್ತೇವೆ. ಅಮೆರಿಕದ ಬ್ಯಾಂಕಿನ ಸರ್ವರ್ ಕೆಮ್ಮಿದರೆ ರಾತ್ರಿ ಎರಡು ಗಂಟೆಗೆ ಎದ್ದು ಕೂರುವ ಹುಡುಗ ನಮ್ಮ ಬಸವನಗುಡಿಯವನು. ಅದೇ ಹುಡುಗನ ಮನೆಯ ಪೆಟ್ಟಿಗೆಯ ಒಳಹೊಕ್ಕು ನೋಡಿ. ಬಳಕೆದಾರನ ಹೆಸರು 'ಅಡ್ಮಿನ್', ಪಾಸ್‌ವರ್ಡೂ 'ಅಡ್ಮಿನ್'! ಪರರ ತಿಜೋರಿಗೆ ಹಗಲೂ ರಾತ್ರಿ ಕಾವಲು, ಸ್ವಂತ ಮನೆಗೆ ಚಿಲಕವೂ ಇಲ್ಲ.

ಇದು ತಮಾಷೆಯಲ್ಲ. 2017ರ ಜುಲೈ ತಿಂಗಳಲ್ಲಿ ಬಿಎಸ್‌ಎನ್‌ಎಲ್‌ನ ಬ್ರಾಡ್‌ಬ್ಯಾಂಡ್ ಜಾಲಕ್ಕೆ ಒಂದು ದುಷ್ಟ ತಂತ್ರಾಂಶ ನುಗ್ಗಿತು. ಏಟು ಬಿದ್ದ ಕಡೆಗಳಲ್ಲಿ ನಮ್ಮ ಕರ್ನಾಟಕ ವೃತ್ತವೂ ಸೇರಿತ್ತು. ಜನರ ಮನೆಯ ಮೋಡೆಮ್‌ಗಳು ಇದ್ದಕ್ಕಿದ್ದಂತೆ ಮೂಕಾದವು. ಬಲಿಯಾದವು ಯಾವುವು ಗೊತ್ತೇ? ಕಾರ್ಖಾನೆಯಲ್ಲಿ ಹಾಕಿ ಕಳಿಸಿದ್ದ ಪಾಸ್‌ವರ್ಡ್ ಹಾಗೇ ಉಳಿದಿದ್ದ ಮೋಡೆಮ್‌ಗಳು. ದಯವಿಟ್ಟು ಪಾಸ್‌ವರ್ಡ್ ಬದಲಿಸಿ ಎಂದು ಸಂಸ್ಥೆಯೇ ಗ್ರಾಹಕರನ್ನು ಕೇಳಿಕೊಳ್ಳಬೇಕಾಯಿತು. ಅದರ ಹಿಂದಿನ ವರ್ಷ, 2016ರಲ್ಲಿ, ಮಿರಾಯ್ ಎಂಬ ಇನ್ನೊಂದು ಪಿಡುಗು ಜಗತ್ತಿನಾದ್ಯಂತ ಕ್ಯಾಮೆರಾ, ರೌಟರುಗಳಿಗೆ ಹೊಕ್ಕು ಅವನ್ನೆಲ್ಲ ತನ್ನ ಪಡೆಗೆ ಸೇರಿಸಿಕೊಂಡಿತ್ತು. ಅದರ ಬತ್ತಳಿಕೆಯಲ್ಲಿದ್ದದ್ದು ಮಹಾ ವಿದ್ಯೆಯೇನಲ್ಲ. ಅರವತ್ತು ಚಿಲ್ಲರೆ ಕಾರ್ಖಾನೆ ಪಾಸ್‌ವರ್ಡುಗಳ ಒಂದು ಪಟ್ಟಿ, ಅಷ್ಟೇ. ಪಡ್ಡೆ ಹುಡುಗರು ಬೀದಿಯ ಗೇಟುಗಳನ್ನೆಲ್ಲ ಒಂದೊಂದಾಗಿ ತಳ್ಳುತ್ತಾ ಹೋದ ಹಾಗೆ!

"ನನ್ನ ಹತ್ತಿರ ಮುಚ್ಚಿಡುವಂಥದ್ದು ಏನಿದೆ ಗುರು, ಯಾರಾದರೂ ಬಂದು ನೋಡಿಕೊಳ್ಳಲಿ" ಎನ್ನುವವರಿಗೆ ಒಂದು ಹಳೆಯ ಸಂಗತಿ ಹೇಳುತ್ತೇನೆ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟಿಸಿತು. ಅದಕ್ಕೆ ಕೆಲವೇ ನಿಮಿಷ ಮೊದಲು ಸುದ್ದಿಮನೆಗಳಿಗೆ ಒಂದು ಇ-ಮೇಲ್ ಬಂದಿತ್ತು. ಅದು ಹೊರಟ ಜಾಗ ಹುಡುಕಿ ಪೊಲೀಸರು ತಲುಪಿದ್ದು ನವಿ ಮುಂಬೈನ ಒಂದು ಫ್ಲ್ಯಾಟಿಗೆ. ಅಲ್ಲಿದ್ದವನು ಬಾಡಿಗೆಗೆ ವಾಸವಿದ್ದ ಒಬ್ಬ ಅಮೆರಿಕನ್. ಅವನ ವೈಫೈಗೆ ಭದ್ರತೆ ಇರಲಿಲ್ಲ, ಯಾರೋ ಅದನ್ನು ಬಳಸಿ ಸಂದೇಶ ಕಳಿಸಿ ಹೋಗಿದ್ದರು. ಅವನ ಗಣಕ ಪೊಲೀಸರ ಪಾಲಾಯಿತು, ಅವನು ವಿಚಾರಣೆಯ ಪಾಲಾದ. ಅದೇ ವರ್ಷ ಮುಂಬೈಯ ಒಂದು ಕಾಲೇಜಿನ, ಒಂದು ಖಾಸಗಿ ಕಚೇರಿಯ ವೈಫೈಯಿಂದಲೂ ಇಂಥವೇ ಸಂದೇಶಗಳು ಹೋದವು. ಕೊನೆಗೆ 2009ರ ಫೆಬ್ರುವರಿಯಲ್ಲಿ ದೂರಸಂಪರ್ಕ ಇಲಾಖೆ ಎಚ್ಚೆತ್ತು, ವೈಫೈ ಭದ್ರಪಡಿಸಿ ಎಂದು ಸೇವೆ ಕೊಡುವ ಕಂಪನಿಗಳಿಗೆ ಸೂಚನೆ ಹೊರಡಿಸಿತು. ತಿಳಿಯಿರಿ: ಅಂತರ್ಜಾಲದಲ್ಲಿ ಕಾಣುವುದು ನಿಮ್ಮ ಮುಖವಲ್ಲ, ನಿಮ್ಮ ಮನೆಯ ವಿಳಾಸ. ಯಾವನೋ ಕಾಂಪೌಂಡಿನ ಆಚೆ ನಿಂತು ಮಾಡಿದ ಕೆಲಸಕ್ಕೆ ಬಾಗಿಲು ಬಡಿಯುವುದು ನಿಮ್ಮದೇ. ನಿಮ್ಮ ಅಪ್ಪ ಪಂಚೆ ಸರಿಮಾಡಿಕೊಂಡು ಬಂದು ಬಾಗಿಲು ತೆರೆದು, ಎದುರು ನಿಂತ ಇನ್ಸ್‌ಪೆಕ್ಟರಿಗೆ ಏನು ಉತ್ತರ ಕೊಡಬೇಕು?

ಬ್ಯಾಂಕಿನ ಜಾಲತಾಣಗಳೆಲ್ಲ ಗುಪ್ತಲಿಪಿಯಲ್ಲೇ ಮಾತಾಡುತ್ತವೆ, ಪಕ್ಕದವನು ಕದ್ದು ಕೇಳಿದರೂ ಅರ್ಥವಾಗದು ಎಂದು ವಾದಿಸುವ ಬುದ್ಧಿವಂತರಿದ್ದಾರೆ. ನಿಜವೇ. ಆದರೆ ಪೆಟ್ಟಿಗೆಯೊಳಗೇ ಹೊಕ್ಕವನು ಕದ್ದು ಕೇಳಬೇಕಾಗಿಲ್ಲ, ದಾರಿಯನ್ನೇ ತಿರುಗಿಸುತ್ತಾನೆ. ಯಾವ ಹೆಸರಿಗೆ ಯಾವ ವಿಳಾಸ ಎಂದು ಹೇಳುವ ಡಿಎನ್‌ಎಸ್ ಅವನ ಕೈಗೆ ಸಿಕ್ಕರೆ, ನೀವು ಮೆಜೆಸ್ಟಿಕ್ ಎಂದು ಕೇಳಿದರೆ ಕೆಂಗೇರಿ ಬಸ್ಸಿಗೆ ಹತ್ತಿಸುತ್ತಾನೆ.

ಈಗ ಅಸಲು ಪ್ರಶ್ನೆಗೆ ಬರೋಣ. ಆ ಪೆಟ್ಟಿಗೆ ಯಾರದು? ಗೋಡೆ ನಿಮ್ಮದು, ಕರೆಂಟು ನಿಮ್ಮದು, ತಿಂಗಳಿಗೆ ಕಟ್ಟುವ ಕಾಸು ನಿಮ್ಮದು. ಆದರೆ ಕಂಪನಿ ಕೊಟ್ಟ ಪೆಟ್ಟಿಗೆಯನ್ನು ದೂರದಿಂದಲೇ ನಿಭಾಯಿಸಲು ಟಿಆರ್-069 ಎಂಬ ಏರ್ಪಾಡು 2004ರಿಂದಲೂ ಇದೆ. ಕಂಪನಿ ತನ್ನ ಕಚೇರಿಯಲ್ಲಿ ಕೂತೇ ಇದರ ಮೂಲಕ ನಿಮ್ಮ ಪೆಟ್ಟಿಗೆಯ ಸೆಟ್ಟಿಂಗ್ ತಿದ್ದಬಹುದು, ತಂತ್ರಾಂಶ ಬದಲಿಸಬಹುದು. ದುರಸ್ತಿಗೆ ಅನುಕೂಲ ಎನ್ನುತ್ತಾರೆ, ಒಪ್ಪೋಣ. ಆದರೆ ನಿಮ್ಮ ಮಲಗುವ ಕೋಣೆಯ ಬೀಗಕ್ಕೆ ಇನ್ನೊಂದು ಕೀಲಿಕೈ ಕಂಪನಿಯವನ ಸೊಂಟದಲ್ಲಿ ನೇತಾಡುತ್ತಿದೆ ಎಂಬುದೂ ಅಷ್ಟೇ ನಿಜ. ಅಂಗಡಿಯಿಂದ ಸ್ವಂತ ರೌಟರ್ ತಂದವರ ಪಾಡೂ ಹೆಚ್ಚೇನು ಬೇರೆಯಲ್ಲ. ಹೊಸ ಮಾದರಿ ಮಾರುಕಟ್ಟೆಗೆ ಬಂತೆಂದರೆ ಹಳೆಯದರ ತಂತ್ರಾಂಶದ ತೂತು ಮುಚ್ಚುವ ಉಸಾಬರಿ ಎಷ್ಟೋ ಕಂಪನಿಗಳಿಗೆ ಬೇಡ. 2018ರ ಮೇ ತಿಂಗಳಲ್ಲಿ ವಿಪಿಎನ್‌ಫಿಲ್ಟರ್ ಎಂಬ ದುಷ್ಟ ತಂತ್ರಾಂಶ 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ಸಾಧನಗಳನ್ನು ಹಿಡಿದು ಕೂತಿದೆ ಎಂದು ತಜ್ಞರು ಬಯಲು ಮಾಡಿದರು. ಅವುಗಳಲ್ಲಿ ಬಹುಪಾಲು ಇಂಥ ಮನೆ, ಸಣ್ಣ ಕಚೇರಿಗಳ ರೌಟರುಗಳೇ. ಎಲ್ಲರೂ ರೌಟರ್ ಆರಿಸಿ ಹೊತ್ತಿಸಿ ಎಂದು ಅಮೆರಿಕದ ಎಫ್‌ಬಿಐ ಊರಿಗೇ ಡಂಗುರ ಹೊಡೆಯಬೇಕಾಯಿತು.

ಕೀಲಿಕೈ ವಾಪಸು ತೆಗೆದುಕೊಳ್ಳುವ ದಾರಿ ಇದೆ. ಅದರ ಹೆಸರು ಓಪನ್‌ಡಬ್ಲ್ಯುಆರ್‌ಟಿ. ಪೆಟ್ಟಿಗೆಯಲ್ಲಿರುವ ಕಂಪನಿಯ ತಂತ್ರಾಂಶವನ್ನು ಅಳಿಸಿ, ಆ ಜಾಗದಲ್ಲಿ ಕೂರಿಸುವ ಮುಕ್ತ ತಂತ್ರಾಂಶ. ಕಾಸಿಲ್ಲ. ಮೂಲ ಸಂಕೇತ ಯಾರು ಬೇಕಾದರೂ ಓದಬಹುದು.

ಇದು ಹುಟ್ಟಿದ ಕತೆಯನ್ನು ಪ್ರತಿಯೊಬ್ಬ ಯುವಕನೂ ತಿಳಿಯಬೇಕು. 2002ರ ಕೊನೆಗೆ ಲಿಂಕ್‌ಸಿಸ್ ಎಂಬ ಅಮೆರಿಕದ ಕಂಪನಿ ಡಬ್ಲ್ಯುಆರ್‌ಟಿ54ಜಿ ಎಂಬ ನೀಲಿ-ಕಪ್ಪು ಪೆಟ್ಟಿಗೆ ಬಿಟ್ಟಿತು. ಮರುವರ್ಷ ಸಿಸ್ಕೊ ಎಂಬ ದೈತ್ಯ ಆ ಕಂಪನಿಯನ್ನೇ ಕೊಂಡಿತು. ಅಷ್ಟರಲ್ಲಿ ಆ ಪೆಟ್ಟಿಗೆಯ ಹೊಟ್ಟೆ ಬಗೆದು ನೋಡಿದ ಕೆಲವು ಹುಡುಗರಿಗೆ ಒಳಗಿರುವುದು ಲಿನಕ್ಸ್ ಎಂದು ಗೊತ್ತಾಯಿತು. ಲಿನಕ್ಸಿನ ಪರವಾನಗಿ ಜಿಪಿಎಲ್. ಬಳಸು, ತಿದ್ದು, ಮಾರು, ಯಾವುದಕ್ಕೂ ಅಡ್ಡಿಯಿಲ್ಲ. ಆದರೆ ಕೊಂಡವನು ಕೇಳಿದರೆ ಮೂಲ ಸಂಕೇತ ಕೊಡಲೇಬೇಕು ಎಂಬ ಷರತ್ತು ಅದರದ್ದು. ಕಂಪನಿ ಕೊಟ್ಟಿರಲಿಲ್ಲ. ಊರವರ ಬಾವಿಯ ನೀರು ಸೇದಿ ಬಾಟಲಿಗೆ ತುಂಬಿ ಮಾರಿ, ಬಾವಿಗೇ ಬೇಲಿ ಹಾಕಿದ ಹಾಗೆ! ಹುಡುಗರು ಬಿಡಲಿಲ್ಲ. 2003ರಲ್ಲಿ ಗದ್ದಲ ಎಬ್ಬಿಸಿದರು, ಬೆನ್ನು ಹತ್ತಿದರು. ಕಲ್ಲು ಹೊಡೆಯಲಿಲ್ಲ, ಬಸ್ಸು ಸುಡಲಿಲ್ಲ. ಪರವಾನಗಿ ಪತ್ರ ಎದುರಿಗಿಟ್ಟು ಇದನ್ನು ಓದು ಎಂದರು. ಕೋಟಿಗಟ್ಟಲೆ ಡಾಲರಿನ ಕಂಪನಿ ಬಗ್ಗಿ ಸಂಕೇತ ಹೊರಗಿಟ್ಟಿತು. ಅದನ್ನೇ ಬುನಾದಿ ಮಾಡಿಕೊಂಡು 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಸಿಸ್ಕೊ ಆಮೇಲೂ ಪೂರ್ತಿ ಪಾಠ ಕಲಿಯಲಿಲ್ಲವೆಂದು 2008ರ ಡಿಸೆಂಬರಿನಲ್ಲಿ ಮುಕ್ತ ತಂತ್ರಾಂಶ ಪ್ರತಿಷ್ಠಾನ ಕೋರ್ಟಿಗೆಳೆಯಿತು. 2009ರಲ್ಲಿ ಆ ವ್ಯಾಜ್ಯ ರಾಜಿಯಾಯಿತು.

ಬೇಲಿ ಹಾಕುವ ಆಸೆ ಅಲ್ಲಿಗೇ ಮುಗಿಯಲಿಲ್ಲ. ರೇಡಿಯೋ ನಿಯಮದ ನೆಪ ಹೇಳಿ, ಹೊರಗಿನ ತಂತ್ರಾಂಶವನ್ನೇ ಹಾಕಲಾಗದಂತೆ ಟಿಪಿ-ಲಿಂಕ್ ಕಂಪನಿ ಅಮೆರಿಕದಲ್ಲಿ ಪೆಟ್ಟಿಗೆಗಳಿಗೆ ಬೀಗ ಜಡಿದಿತ್ತು. 2016ರಲ್ಲಿ ಅಲ್ಲಿನ ಸರ್ಕಾರಿ ಆಯೋಗ ಬೇರೊಂದು ತಪ್ಪಿಗೆ ಅದರ ಮೇಲೆ 2 ಲಕ್ಷ ಡಾಲರ್ ದಂಡ ಹಾಕಿದಾಗ, ಹೊರಗಿನ ತಂತ್ರಾಂಶಕ್ಕೂ ಅವಕಾಶ ಮಾಡಿಕೊಡುವತ್ತ ಕೆಲಸ ಮಾಡುತ್ತೇನೆಂದು ಬರೆದುಕೊಡಬೇಕಾಯಿತು. 2024ರ ಕೊನೆಗೆ ಓಪನ್‌ಡಬ್ಲ್ಯುಆರ್‌ಟಿಯವರೇ ತಮ್ಮ ಹೆಸರಿನ ಸ್ವಂತ ಪೆಟ್ಟಿಗೆ ಹೊರತಂದರು.

ಕತೆ ಸಾಕು, ಕೈಗೆ ಕೆಲಸ ಕೊಡೋಣ.

ಮೊದಲು ನಿಮ್ಮ ರೌಟರ್ ಮಗುಚಿ, ಅಡಿಯ ಚೀಟಿ ಓದಿ. ಮಾದರಿಯ ಹೆಸರಿನ ಜೊತೆ ಆವೃತ್ತಿಯ ಸಂಖ್ಯೆಯೂ ಇರುತ್ತದೆ, ಅದೇ ಮುಖ್ಯ. ಒಂದೇ ಹೆಸರಿನ ಪೆಟ್ಟಿಗೆಯ ಎರಡನೇ ಆವೃತ್ತಿಯಲ್ಲಿ ಒಂದು ಚಿಪ್, ಮೂರನೆಯದರಲ್ಲಿ ಇನ್ನೊಂದು ಇಡುವುದು ಈ ವ್ಯಾಪಾರಿಗಳ ಚಾಳಿ. ಓಪನ್‌ಡಬ್ಲ್ಯುಆರ್‌ಟಿಯ ಯಂತ್ರಗಳ ಪಟ್ಟಿಯಲ್ಲಿ ಅದು ಅಕ್ಷರಶಃ ಹೊಂದಬೇಕು. 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್ ಇರುವ ಹಳೆಯ ಡಬ್ಬಿಗಳ ಆಸೆ ಬಿಡಿ. 8 ಮತ್ತು 64 ಕನಿಷ್ಠ, 16 ಮತ್ತು 128 ಇದ್ದರೆ ನೆಮ್ಮದಿ, ಹೊಸದು ಕೊಳ್ಳುವುದಾದರೆ ಅದಕ್ಕೂ ಮೇಲಿನದನ್ನೇ ನೋಡಿ. ಬ್ರಾಡ್‌ಕಾಮ್ ಚಿಪ್ಪಿನವನ್ನು ದೂರವಿಡಿ, ಅದರ ವೈಫೈಗೆ ಸರಿಯಾದ ಮುಕ್ತ ಚಾಲಕ ತಂತ್ರಾಂಶ ಸಿಗುವುದಿಲ್ಲ. ಮೀಡಿಯಾಟೆಕ್ ಆದರೆ ಸಾಮಾನ್ಯವಾಗಿ ಜಗಳವಿಲ್ಲ.

ಕಂಪನಿ ಕೊಟ್ಟ ಫೈಬರ್ ಪೆಟ್ಟಿಗೆಗೆ ಮಾತ್ರ ಕೈ ಹಾಕಬೇಡಿ, ಅದು ಅವರ ಸ್ವತ್ತು. ಅದು ತನ್ನ ಪಾಡಿಗೆ ಗೋಡೆಯ ಮೇಲಿರಲಿ. ಅದರ ವೈಫೈ ಆರಿಸಿ, ಒಂದು ತಂತಿ ಎಳೆದು ನಿಮ್ಮ ರೌಟರಿಗೆ ಚುಚ್ಚಿ. "ಬ್ರಿಡ್ಜ್ ಮೋಡ್‌ಗೆ ಹಾಕಿಕೊಡಿ" ಎಂದು ಕಂಪನಿಯ ಸಹಾಯವಾಣಿಗೆ ಹೇಳಿ. ಕನ್ನಡದಲ್ಲೇ ಹೇಳಿ. ಒಪ್ಪದಿದ್ದರೆ ಹಾಗೇ ಬಿಟ್ಟರೂ ಮನೆಯ ಕೆಲಸಗಳೆಲ್ಲ ನಡೆಯುತ್ತವೆ.

ತಂತ್ರಾಂಶವನ್ನು ಅದರ ಮೂಲ ತಾಣದಿಂದಲೇ ಇಳಿಸಿಕೊಳ್ಳಿ. ಜೊತೆಗೆ ಕೊಟ್ಟಿರುವ ಎಸ್‌ಎಚ್‌ಎ256 ಮೊತ್ತವನ್ನು ತಾಳೆ ನೋಡಿ. ಒಂದಕ್ಷರ ಬೇರೆಯಾದರೂ ಫೈಲು ಕಸದ ಬುಟ್ಟಿಗೆ. ಬರೆಯುವ ಆ ಎರಡು ಮೂರು ನಿಮಿಷ ಕರೆಂಟ್ ಹೋಗಕೂಡದು. ಹೋದರೆ ರೌಟರ್ ಇಟ್ಟಿಗೆಯಾಗುತ್ತದೆ. ನಮ್ಮ ಊರಿನ ಕರೆಂಟನ್ನು ನಂಬಿ ಈ ಕೆಲಸಕ್ಕೆ ಕೂರುವವನಿಗೆ ಗಂಡೆದೆ ಬೇಕು. ಯುಪಿಎಸ್‌ಗೆ ಸಿಕ್ಕಿಸಿ. ತಂತಿಯ ಮೂಲಕವೇ ಮಾಡಿ, ವೈಫೈ ಮೂಲಕ ಬೇಡ. ಮುಗಿದ ಮೇಲೆ ಬ್ರೌಸರಿನಲ್ಲಿ 192.168.1.1 ಎಂದು ಹೊಡೆದರೆ ಹೊಸ ಪುಟ ತೆರೆಯುತ್ತದೆ. ಅಲ್ಲಿ ಪಾಸ್‌ವರ್ಡ್ ಇರುವುದಿಲ್ಲ, ಮೊದಲ ಕೆಲಸವೇ ಅದನ್ನು ಇಡುವುದು. ವೈಫೈ ಕೂಡ ಸಾಮಾನ್ಯವಾಗಿ ಆರಿರುತ್ತದೆ. ಕಂಪನಿಯ ಪೆಟ್ಟಿಗೆಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಗೊತ್ತಾಗುತ್ತದೆ. ನೀವು ತೆರೆಯುವವರೆಗೆ ಇದು ಬಾಗಿಲು ತೆರೆಯುವುದಿಲ್ಲ.

ದೇಶ ಎಂಬಲ್ಲಿ ಭಾರತ ಎಂದೇ ಆರಿಸಿ. 2.4 ಗಿಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿ, 5 ಗಿಗಾಹರ್ಟ್ಸ್‌ನ ವಿಶಾಲ ಪಟ್ಟಿಯನ್ನು 2018ರಲ್ಲಿ ಸರ್ಕಾರ ಪರವಾನಗಿಯಿಂದ ಮುಕ್ತ ಮಾಡಿದೆ, ಶಕ್ತಿಗೆ ಮಿತಿ ಇಟ್ಟು. ಬೇರೆ ದೇಶದ ಹೆಸರು ಹಾಕಿ ಶಕ್ತಿ ಹೆಚ್ಚಿಸುವ ಕಿಲಾಡಿತನ ಬೇಡ.

ಇನ್ನು ಬೀಗದ ಜಾತಿ. ಡಬ್ಲ್ಯುಇಪಿ ಎಂಬುದು 1997ರದ್ದು. ಅದರ ಬೆನ್ನುಮೂಳೆ ಮುರಿದದ್ದು 2001ರಲ್ಲಿ. 2007ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ಸಂಶೋಧಕರು ಒಂದು ನಿಮಿಷದೊಳಗೆ ಅದನ್ನು ಒಡೆದು ತೋರಿಸಿದರು. ಅದರ ಹೆಸರೂ ಎತ್ತಬೇಡಿ. 2018ರಲ್ಲಿ ಬಂದ ಡಬ್ಲ್ಯುಪಿಎ3 ಆರಿಸಿ. ಮನೆಯಲ್ಲಿ ಹಳೆಯ ಫೋನುಗಳಿದ್ದರೆ ಡಬ್ಲ್ಯುಪಿಎ2 ಮತ್ತು 3ರ ಮಿಶ್ರಣ. ಗುಂಡಿ ಒತ್ತಿದರೆ, ಎಂಟಂಕಿಯ ಪಿನ್ ಕೊಟ್ಟರೆ ಜೋಡಿಸುವ ಡಬ್ಲ್ಯುಪಿಎಸ್ ಎಂಬುದೊಂದಿದೆ. ಎಂಟಂಕಿ ಎಂದರೆ ಕೋಟಿಗಟ್ಟಲೆ ಸಾಧ್ಯತೆ ಎಂದು ಮೋಸಹೋಗಬೇಡಿ. ಕೊನೆಯ ಅಂಕಿ ಬರೀ ತಾಳೆಗೆ, ಉಳಿದದ್ದನ್ನು ಪೆಟ್ಟಿಗೆ ಎರಡು ತುಂಡಾಗಿ ಪರೀಕ್ಷಿಸುತ್ತದೆ. ಹೀಗಾಗಿ ಹೆಚ್ಚೆಂದರೆ 11,000 ಸಲ ತಟ್ಟಿದರೆ ಬಾಗಿಲು ತೆರೆಯುತ್ತದೆ ಎಂದು 2011ರಲ್ಲೇ ಬಯಲಾಗಿದೆ. ಕಂಪನಿ ಪೆಟ್ಟಿಗೆಯಲ್ಲಿ ಅದು ಇದ್ದರೆ ಆರಿಸಿ. ವೈಫೈ ಹೆಸರು ಬಚ್ಚಿಡುವುದು, ಯಂತ್ರಗಳ ವಿಳಾಸ ನೋಡಿ ಒಳಬಿಡುವುದು, ಇವೆರಡೂ ಬೆದರುಬೊಂಬೆಗಳು. ಕಾಗೆಗೂ ಗೊತ್ತು.

ಈಗ ಪಾಸ್‌ವರ್ಡ್. ಕೇಬಲ್ ಹುಡುಗ ಹಾಕಿಕೊಟ್ಟ ಮೊಬೈಲ್ ನಂಬರ್ ನೆನಪಿದೆಯಲ್ಲ? ಲೆಕ್ಕ ಹಾಕೋಣ. ನಮ್ಮ ದೇಶದ ಮೊಬೈಲ್ ಸಂಖ್ಯೆ ಶುರುವಾಗುವುದು 6, 7, 8, 9ರಿಂದ. ಒಟ್ಟು 400 ಕೋಟಿ ಸಾಧ್ಯತೆ. ಡಬ್ಲ್ಯುಪಿಎ2 ಜಾಲಕ್ಕೆ ನಿಮ್ಮ ಫೋನು ಸೇರುವಾಗ ನಡೆಯುವ ಮಾತುಕತೆಯನ್ನು ಗಾಳಿಯಿಂದ ಹಿಡಿದುಕೊಂಡವನು ಮನೆಗೆ ಹೋಗಿ ನಿಧಾನವಾಗಿ ಊಹೆ ಮಾಡುತ್ತಾ ಕೂರಬಹುದು. ಆಟವಾಡುವ ಹುಡುಗರ ಬಳಿ ಇರುವಂಥ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 10 ಲಕ್ಷಕ್ಕೂ ಹೆಚ್ಚು ಊಹೆ ಮಾಡುತ್ತದೆ. 10 ಲಕ್ಷ ಎಂದೇ ಹಿಡಿಯಿರಿ: 4,000 ಸೆಕೆಂಡು. ಒಂದು ಗಂಟೆ ಏಳು ನಿಮಿಷ! ಒಂದು ಕನ್ನಡ ಸಿನಿಮಾದ ಇಂಟರ್‌ವಲ್ ಹೊತ್ತಿಗೆ ನಿಮ್ಮ ಮನೆ ಅವನದು.

ಬದಲಿಗೆ ಹೀಗೆ ಮಾಡಿ. ಕಪಾಟಿನ ಕನ್ನಡ ನಿಘಂಟು ತೆಗೆದು, ಕಣ್ಣು ಮುಚ್ಚಿ ಐದು ಕಡೆ ಬೆರಳಿಡಿ. ಹಲಸು, ಮೂಗುತಿ, ಜಟಕಾ, ಕೊಡಲಿ, ಬೆಳದಿಂಗಳು, ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ಐದು ಪದ ಬರಲಿ. ಬರೀ 5,000 ಪದಗಳಿಂದ ಆರಿಸಿದ್ದೀರಿ ಎಂದು ಕಳ್ಳನಿಗೆ ಗೊತ್ತಿದ್ದರೂ, ಅದೇ ಕಾರ್ಡಿಗೆ ಎಲ್ಲವನ್ನೂ ಪರೀಕ್ಷಿಸಲು ಸುಮಾರು ಒಂದು ಲಕ್ಷ ವರ್ಷ ಬೇಕು. ಇಲ್ಲಿ ಅಚ್ಚಾದ ಐದನ್ನೇ ಹಾಕಿಕೊಳ್ಳುವ ಸೋಮಾರಿಗಳಿಗೆ ನಮಸ್ಕಾರ. ಪಾಸ್‌ವರ್ಡನ್ನು ಕನ್ನಡ ಲಿಪಿಯಲ್ಲಿ ಇಡಲು ಮಾತ್ರ ಈ ವ್ಯವಸ್ಥೆ ಬಿಡುವುದಿಲ್ಲ, 8ರಿಂದ 63 ಇಂಗ್ಲಿಷ್ ಅಕ್ಷರ, ಅಂಕಿಗಳೇ ಆಗಬೇಕು ಎಂಬುದು ಅದರ ನಿಯಮ. ಆದರೆ ವೈಫೈ ಹೆಸರಿಗೆ ಆ ಕಟ್ಟಳೆ ಇಲ್ಲ. 32 ಬೈಟ್ ಜಾಗವಿದೆ. ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್. ಒತ್ತು, ಗುಣಿತ, ಎಲ್ಲ ಬೇರೆ ಬೇರೆ ಲೆಕ್ಕ. ಹಾಗಾಗಿ ಹತ್ತು ಸಂಕೇತ ಹಿಡಿಸುತ್ತವೆ. 'ನಮ್ಮನೆ' ಎಂದರೆ 18 ಬೈಟ್, ಸಲೀಸು. ಬೀದಿಯ ಪಟ್ಟಿಯಲ್ಲಿ ನಿಮ್ಮದಾದರೂ ಕನ್ನಡದಲ್ಲಿ ಮಿನುಗಲಿ.

ಮನೆಗೆ ಬಂದ ನೆಂಟರಿಗೆ ಬೇರೆ ಜಾಲ ಮಾಡಿ. ಅದೇ ಪೆಟ್ಟಿಗೆಯಲ್ಲಿ ಎರಡನೇ ಹೆಸರು, ಎರಡನೇ ಪಾಸ್‌ವರ್ಡ್, ನಿಮ್ಮ ಗಣಕಗಳಿಗೆ ದಾರಿಯಿಲ್ಲ, ಹೊರಗಿನ ಅಂತರ್ಜಾಲಕ್ಕೆ ಮಾತ್ರ ದಾರಿ. ಮಾತಾಡುವ ಟಿವಿ, ಬಾಗಿಲ ಕ್ಯಾಮೆರಾ, ಮೊಬೈಲಿನಿಂದ ಹೊತ್ತಿಸುವ ಬಲ್ಬು, ಇವನ್ನೂ ಆ ಜಗುಲಿಯಲ್ಲೇ ಕೂರಿಸಿ. ಮಿರಾಯ್ ಹೊಕ್ಕಿದ್ದು ಇಂಥವುಗಳ ಮೂಲಕವೇ ಅಲ್ಲವೇ? ನಡುಮನೆಗೆ ಅವುಗಳ ಪ್ರವೇಶ ಯಾಕೆ?

ಮುಕ್ತ ತಂತ್ರಾಂಶ ಎಂದಾಕ್ಷಣ ಗಂಗಾಜಲ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವ ಭಕ್ತರಿದ್ದಾರೆ, ಅವರನ್ನೂ ನಂಬಬೇಡಿ. ಓಪನ್‌ಡಬ್ಲ್ಯುಆರ್‌ಟಿಯಲ್ಲೇ, ಇಳಿಸಿಕೊಂಡ ಪ್ಯಾಕೇಜಿನ ಮೊತ್ತ ತಾಳೆ ನೋಡಬೇಕಾದ ಜಾಗದಲ್ಲಿ ಒಂದು ದೋಷ ಸುಮಾರು ಮೂರು ವರ್ಷ ಯಾರ ಕಣ್ಣಿಗೂ ಬೀಳದೆ ಕೂತಿತ್ತು. 2020ರಲ್ಲಿ ಪತ್ತೆಯಾಗಿ ಸರಿಯಾಯಿತು. 2024ರ ಡಿಸೆಂಬರಿನಲ್ಲಿ ಅವರ ತಂತ್ರಾಂಶ ಕಟ್ಟಿಕೊಡುವ ಸರ್ವರಿನಲ್ಲಿ ಇನ್ನೊಂದು ದೋಷ ತೋರಿಸಿಕೊಟ್ಟಾಗ ಕೆಲವೇ ಗಂಟೆಗಳಲ್ಲಿ ಮುಚ್ಚಿ, ಹೀಗಾಗಿತ್ತು ಎಂದು ಊರಿಗೆಲ್ಲ ಹೇಳಿದರು. 2017ರ ಅಕ್ಟೋಬರಿನಲ್ಲಿ ಬೆಲ್ಜಿಯಂನ ಮ್ಯಾಥಿ ವಾನ್‌ಹೂಫ್ ಡಬ್ಲ್ಯುಪಿಎ2ರಲ್ಲೇ ಬಿರುಕಿದೆ ಎಂದು ತೋರಿಸಿದಾಗ, ಮುಕ್ತ ತಂತ್ರಾಂಶದವರು ಕೂಡಲೇ ತೇಪೆ ಹಾಕಿದರು. ಎಷ್ಟೋ ಅಗ್ಗದ ಕಂಪನಿ ಪೆಟ್ಟಿಗೆಗಳಿಗೆ ಆ ತೇಪೆ ಕೊನೆಗೂ ಬರಲೇ ಇಲ್ಲ. ತೂತು ಎಲ್ಲರ ಮನೆಯ ಸೂರಿನಲ್ಲೂ ಇದೆ. ನಿಮ್ಮ ಸೂರಿಗೆ ನೀವೇ ಏಣಿ ಹಾಕಬಹುದೋ, ಬಾಡಿಗೆ ಮನೆಯ ಯಜಮಾನನಿಗಾಗಿ ಮಳೆಯಲ್ಲಿ ಕಾಯಬೇಕೋ ಎಂಬುದಷ್ಟೇ ಜಗಳ.

ಅದಕ್ಕಾಗಿ ಮೂರು ತಿಂಗಳಿಗೊಮ್ಮೆಯಾದರೂ ಆ ಪುಟ ತೆರೆದು ಹೊಸ ಆವೃತ್ತಿ ಬಂದಿದೆಯೇ ನೋಡಿ. ಹಾಕುವ ಮುಂಚೆ ನಿಮ್ಮ ಸೆಟ್ಟಿಂಗುಗಳ ಪ್ರತಿಯೊಂದನ್ನು ಗಣಕದಲ್ಲಿ ಉಳಿಸಿಕೊಳ್ಳಿ. ಪೆಟ್ಟಿಗೆಯ ಪುಟವನ್ನು ಹೊರಗಿನ ಅಂತರ್ಜಾಲದಿಂದ ತೆರೆಯುವಂತೆ ಮಾಡಬೇಡಿ. ಅದು ಹುಟ್ಟಾ ಮುಚ್ಚಿಯೇ ಇರುತ್ತದೆ, ಹಾಗೇ ಇರಲಿ. ಕಲಿತ ವಿದ್ಯೆಯನ್ನು ಪಕ್ಕದ ಮನೆಯವನ ಬೀಗದ ಮೇಲೆ ಪ್ರಯೋಗ ಮಾಡಲು ಹೋಗಬೇಡಿ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳು ಅಂಥವರಿಗಾಗಿಯೇ ಇವೆ. ಅವನ ಬಾಗಿಲು ತಟ್ಟಿ ಹೇಳಿಕೊಡಿ, ಕಾಫಿಯೂ ಸಿಗುತ್ತದೆ.

ಊರಿಗೆ ಹೋದಾಗ ಅಪ್ಪ ಅಮ್ಮ ಇರುವ ಮನೆಯ ಪೆಟ್ಟಿಗೆಯನ್ನೂ ನೋಡಿ ಬನ್ನಿ. ಅಲ್ಲಿ ಕರೆಂಟ್ ಯಾವ ಹೊತ್ತಿಗೆ ಹೋಗುತ್ತದೆ ಎಂದು ಮೊದಲು ಅಮ್ಮನನ್ನು ಕೇಳಿಕೊಳ್ಳಿ. ಐದು ಪದಗಳ ಪಾಸ್‌ವರ್ಡನ್ನು ದಪ್ಪ ಅಕ್ಷರದಲ್ಲಿ ಬರೆದು ಬೀರುವಿನ ಒಳಬಾಗಿಲಿಗೆ ಅಂಟಿಸಿ, ಪೆಟ್ಟಿಗೆಯ ಅಡಿಗಲ್ಲ.